ಹೊರೆಮಾಪಕಕ್ಕೆ ಸನ್ಮಾನ

ಹುಬ್ಬಳ್ಳಿಯ ಮೂಳೆ ಆಸ್ಪತ್ರೆಯೊಂದರ ವಾರ್ಡಿನ ಗೋಡೆಯ ಮೇಲೆ ಹಸಿರು ಅಂಕಿ ಮೂಡಿತು: ಹನ್ನೆರಡು. ಶಿವಗಂಗವ್ವನ ಹೊಸ ಸೊಂಟದ ಕೀಲಿನಲ್ಲಿ ಸೋಂಕಿನ ಹೊರೆ ಅಷ್ಟೇ ಎಂದು ‘ಹೊರೆಮಾಪಕ’ ಹೇಳುತ್ತಿತ್ತು.

ಅದನ್ನು ಕಂಡುಹಿಡಿದವರು ಡಾಕ್ಟರ್ ವಾದಿರಾಜ ಗಲಗಲಿ. ಗಾಯ ಕೀವುಗಟ್ಟಿದ್ದರೂ, ದೊಡ್ಡ ಡಾಕ್ಟರ ಮನಸ್ಸು ನೋಯಬಾರದೆಂದು ರೋಗಿಗಳು ‘ಆರಾಮ್ರಿ’ ಎಂದೇ ಹೇಳುತ್ತಿದ್ದರು. ಬೇಸತ್ತ ಡಾಕ್ಟರು ಕೃತಕ ಕೀಲಿನೊಳಗೆ, ಮೈಬಿಸಿಯಿಂದಲೇ ನಡೆಯುವ ಗುಂಡಿಯೊಂದನ್ನು ಕೂರಿಸಿದರು. ಅದು ರೋಗಾಣು, ಬಾವು, ಕೆಟ್ಟ ನಿದ್ದೆ ಎಲ್ಲವನ್ನೂ ಕೂಡಿಸಿ ಒಂದೇ ಅಂಕಿಯಾಗಿ ಗೋಡೆಗೆ ಕಳಿಸುತ್ತಿತ್ತು. ಅಂಕಿ ನೂರು ಮುಟ್ಟಿದರೆ ಕೀಲನ್ನೇ ತೆಗೆಯಬೇಕು.

"ಅದನ್ನ ತೆಗದ್ರ ನಾ ನಿಂತು ರೊಟ್ಟಿ ಬಡಿಯೋದು ಹೆಂಗ್ರಿ?" ಎಂದಳು ಶಿವಗಂಗವ್ವ. ಅವಳ ಖಾನಾವಳಿ ನಡೆಯುವುದು ಅವಳ ಕೈಯಿಂದಲೇ.

"ನಾ ಅದೀನಲ್ಲ, ದಿನಾ ಬಂದು ನೋಡ್ತೀನಿ. ಅಂಜಬ್ಯಾಡ್ರಿ," ಎಂದರು ಡಾಕ್ಟರು.

ಡಾಕ್ಟರು ಮಾತಿಗೆ ತಪ್ಪದೆ ಬಂದರು. ಒಬ್ಬರೇ ಅಲ್ಲ. ಸುದ್ದಿ ಹರಡಿ, ಸನ್ಮಾನ ಮಾಡುವವರು ಶಾಲು, ಹಾರ, ಹಣ್ಣಿನ ಬುಟ್ಟಿಯೊಂದಿಗೆ ವಾರ್ಡಿಗೇ ನುಗ್ಗಿದರು. "ಎಲ್ಲೈತ್ರಿ ಆ ಯಂತ್ರ?" ಎಂದು ಯಾರಾದರೂ ಕೇಳಿದರೆ ಸಾಕು, ಡಾಕ್ಟರು ಹಾರ ಹಾಕಿಕೊಂಡ ಹಾಗೆಯೇ ಬಗ್ಗಿ, ಶಿವಗಂಗವ್ವನ ಗಾಯದ ಪಟ್ಟಿ ಬಿಚ್ಚಿ, ಬೆರಳಿಟ್ಟು ತೋರಿಸುತ್ತಿದ್ದರು. ಅಲ್ಲಿ ಕಾಣುತ್ತಿದ್ದದ್ದು ಹೊಲಿಗೆ ಮಾತ್ರ. ಆದರೂ ಫೋಟೋ ಚೆನ್ನಾಗಿ ಬರುತ್ತಿತ್ತು.

ಅಂಕಿ ಎಂಬತ್ತಕ್ಕೇರಿತು. ಡಾಕ್ಟರು ಔಷಧಿ ಬದಲಿಸಿದರು, ನರ್ಸುಗಳ ಮೇಲೆ ರೇಗಿದರು, ತಮ್ಮ ಯಂತ್ರಕ್ಕೇ ಬೈದರು. ಕೊನೆಗೆ ಕೈ ತೊಳೆದು, ಗವಸು ಹಾಕಿಕೊಂಡು, ತಾವೇ ಪಟ್ಟಿ ಬಿಡಿಸಿದರು. ಹೊಲಿಗೆಗೆ ಚೆಂಡುಹೂವಿನ ಎಸಳೊಂದು ಅಂಟಿಕೊಂಡಿತ್ತು.

ಅವರಿಗೆ ನಾಚಿಕೆಯಾಯಿತು.

"ಯವ್ವಾ, ಒಮ್ಮೆನಾದ್ರೂ ಬ್ಯಾಡ ಅನಬಾರ್ದಿತ್ತೇನು?"

"ನಿಮಗ ಅಷ್ಟು ಖುಷಿ ಆಗಿತ್ತಲ್ರಿ. ಹೆಂಗ ಅನ್ನೂದು?"

"ಊರ ಮಂದಿ ಸೋಂಕು ಅಳೀಲಿಕ್ಕೆ ಯಂತ್ರ ಮಾಡಿದೆ. ಸೋಂಕೇ ಹಾರ ಹಾಕ್ಕೊಂಡು ಫೋಟೋಕ್ಕ ನಿಂತಿತ್ತು!" ಎಂದು ಡಾಕ್ಟರು ಹಣೆ ಬಡಿದುಕೊಂಡು ನಕ್ಕರು.

ಅವತ್ತೇ ಗಾಯವನ್ನು ಒಳಗಿನವರೆಗೂ ತೊಳೆದು ಶುಚಿಮಾಡಿದರು. ಸನ್ಮಾನಗಳು ನಿಂತವು. ವಾರ್ಡಿನೊಳಗೆ ಬರಬಾರದವರಲ್ಲಿ ಮೊದಲನೆಯವರು ತಾವೇ ಎಂದು ನರ್ಸುಗಳಿಗೆ ತಾಕೀತು ಮಾಡಿದರು. ಅಂಕಿ ನಿಧಾನವಾಗಿ ಇಳಿಯತೊಡಗಿತು.

ಒಂದು ಬೆಳಿಗ್ಗೆ ಬಾಗಿಲಲ್ಲೇ ನಿಂತು ಕೇಳಿದರು: "ಹ್ಯಾಂಗದೀರಿ?"

ಶಿವಗಂಗವ್ವ ಮಂಚ ಹಿಡಿದು ಎದ್ದು ನಿಂತಿದ್ದಳು. ಅದನ್ನು ಕಂಡ ಸಂತೋಷಕ್ಕೆ ಡಾಕ್ಟರು ಮೈಮರೆತು ಒಂದು ಹೆಜ್ಜೆ ಒಳಗಿಟ್ಟರು.

"ಏ ಸಾಹೇಬ್ರ, ಅಲ್ಲೇ ನಿಲ್ರಿ!" ಎಂದು ಅವಳು ಗದರಿದಳು.

ಯಾವ ಹಾರ ಹಾಕಿಸಿಕೊಂಡಾಗಲೂ ಡಾಕ್ಟರಿಗೆ ಅಷ್ಟು ಆನಂದವಾಗಿರಲಿಲ್ಲ.