ಮೂರನೇ ಬೋಯಾದ ಕೆರೆತ

"ನನ್ನ ಬೋಯಾ ಹತ್ರ ದಿನಾ ಏನ್ ಮಾಡ್ತಿದ್ರಿ? ಎಲ್ಲರ ಮುಂದೆ ಹೇಳಿ!"

ದೋಣಿಕಟ್ಟೆಯ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಕೂಗಿದವಳು ಕರಾವಳಿ ನಿಗಾ ಕೇಂದ್ರದ ಸಿಗ್ನಲ್ ಎಂಜಿನಿಯರ್. ಎದುರಿಗಿದ್ದವನು ಅಲ್ಲಿಯ ಡೈವರ್. ಕಣ್ಣೆರಡನ್ನೇ ಹೊರಗಿಟ್ಟು ನೀರಲ್ಲಿ ಬಿದ್ದಿರುತ್ತಾನೆಂದು ಎಲ್ಲರೂ ಅವನನ್ನು 'ಮೊಸಳೆ' ಎನ್ನುತ್ತಿದ್ದರು.

ಅವನು ಏನೋ ಹೇಳಲು ಬಾಯಿ ತೆರೆದ... ಅವಳ ಮುಖ ನೋಡಿ ಮುಚ್ಚಿಕೊಂಡ.

"ನೋಡಿ ಸಾರ್, ಬಾಯಿಗೆ ಬೀಗ! ಬೋಯಾಗೆ ಬಲೆ ಕಟ್ಟಿ ಕದ್ದು ಮೀನು ಹಿಡೀತಿದ್ದಾರೆ, ಅಷ್ಟೇ."

ಕೇಂದ್ರದ ಮುಖ್ಯಸ್ಥರು ಕೈ ಚಾಚಿದರು. ಅವನು ದೋಣಿಯ ಬೀಗದ ಕೈ ಕೊಟ್ಟು, ಒದ್ದೆ ಬಟ್ಟೆಯಲ್ಲೇ ಹೊರಟುಹೋದ.

ಅವನು ನಕ್ಕರೆ ಅವಳ ದಿನ ಹಗುರಾಗುತ್ತಿತ್ತು. ಬಹುಶಃ ಅದಕ್ಕೇ ಇಷ್ಟೊಂದು ಕೋಪ. ಪರರ ಮೇಲೆ ಯಾರಿಗಾದರೂ ಇಷ್ಟು ಸಿಟ್ಟು ಬರುತ್ತದೆಯೇ?

ಬೋಯಾ ಎಂದರೆ ಅಲೆಗಳ ಮೇಲೆ ತೇಲುವ ಹಳದಿ ಡಬ್ಬ. ನೀರೊಳಗೆ ಮೈಕ್ ಇಳಿಬಿಟ್ಟುಕೊಂಡು, ದಡಕ್ಕೆ ಕದ್ದು ಬರುವ ದೋಣಿಗಳ ಸದ್ದು ಹಿಡಿಯುವುದು ಅದರ ಕೆಲಸ. ಮೂರನೆಯದು ಮಾತ್ರ ಕಿವುಡಾಗಿತ್ತು. ಅದಕ್ಕೆಂದೇ ಅವಳು ಹೊಸ ಪ್ರೋಗ್ರಾಂ ಬರೆದಿದ್ದಳು. ಬೇಡದ ಸದ್ದನ್ನೆಲ್ಲ ಸೋಸಿ, ಎಂಜಿನ್ ಸದ್ದನ್ನಷ್ಟೇ ಉಳಿಸುವ ಪ್ರೋಗ್ರಾಂ. ಮರುವಾರವೇ ಆ ಬೋಯಾ ಪುಟ್ಟ ದೋಣಿಯನ್ನೂ ಹಿಡಿಯಿತು! ಮೇಲಧಿಕಾರಿಗಳು ಚಪ್ಪಾಳೆ ತಟ್ಟಿದರು. ಕರಾವಳಿಯ ಬೋಯಾಗಳಿಗೆಲ್ಲ ಅದನ್ನೇ ಹಾಕುವುದೆಂದು ತೀರ್ಮಾನವಾಯಿತು.

ದೋಣಿಕಟ್ಟೆಯಲ್ಲಿ ಕೂಗಾಡಿದ ದಿನ ಸಂಜೆ ಮೊಸಳೆಯ ವಿರುದ್ಧ ಸಾಕ್ಷಿ ಬೇಕೆಂದು, ಅವಳು ಮೊದಲ ಬಾರಿ ಸೋಸದ ರೆಕಾರ್ಡಿಂಗ್ ಹಾಕಿ ಕಿವಿಗೆ ಹೆಡ್‌ಫೋನ್ ಏರಿಸಿದಳು.

ದೋಣಿ ಬಂತು. ಎಂಜಿನ್ ನಿಂತಿತು. ಆಮೇಲೆ... ಕರ್... ಕರ್...

ಬಲೆಯ ಸದ್ದಲ್ಲ ಇದು! ಚಿಪ್ಪಿನ ಮೇಲೆ ಕಬ್ಬಿಣ ಉಜ್ಜುವ ಸದ್ದು. ಕೆರೆದಷ್ಟೂ ಸಮುದ್ರ ಸ್ಪಷ್ಟವಾಗುತ್ತ ಹೋಯಿತು. ಮೈಕಿಗೆ ಮೆತ್ತಿಕೊಂಡಿದ್ದ ಚಿಪ್ಪುಗಳನ್ನು ಯಾರೋ ದಿನವೂ ತಾಳ್ಮೆಯಿಂದ ಬಿಡಿಸಿದ್ದರು. ಅವಳ ಪ್ರೋಗ್ರಾಂ ಆ ಕೆರೆತವನ್ನೇ ಬೇಡದ ಸದ್ದೆಂದು ಅಳಿಸಿಹಾಕಿತ್ತು.

'ಬೋಯಾಗೆ ಕಿವಿ ಬಂದದ್ದು ನನ್ನಿಂದಲ್ಲ... ಅವರಿಂದ! ಅವರನ್ನೇ ನಾನು ಕಳ್ಳ ಅಂದೆ...'

ಮುಖ ಕೆಂಡವಾಯಿತು. ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನಿಸಿತು.

ಮನೆಯಲ್ಲಿ ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಳು.

"ಸುಮ್ನಿದ್ರೆ ಯಾರಿಗೂ ಗೊತ್ತಾಗಲ್ಲ ಅಲ್ವಾ ಅಕ್ಕಾ?"

"ನಿಂಗೆ ಗೊತ್ತಲ್ಲ ಕಣೇ. ಕೋಪದಲ್ಲಿ ಕೊಯ್ದ ಮೂಗು ಮತ್ತೆ ಬರಲ್ಲ. ಹೋಗಿ ಕೈ ಮುಗಿ, ಅಷ್ಟಾದ್ರೂ ಮಾಡು."

ಬೆಳಿಗ್ಗೆ ಮೇಲಧಿಕಾರಿಗಳ ಸಭೆಯಲ್ಲಿ ಅವಳು ಎದ್ದು ನಿಂತಳು.

"ನನ್ನ ಪ್ರೋಗ್ರಾಂನಿಂದ ಏನೂ ಸುಧಾರಿಸಿಲ್ಲ ಸಾರ್. ಇದನ್ನೇ ನಂಬಿದ್ರೆ ಉಳಿದ ಬೋಯಾಗಳೆಲ್ಲ ಕಿವುಡಾಗೇ ಇರ್ತವೆ. ಆ ಚಪ್ಪಾಳೆ ಡೈವರ್‌ಗೆ ಸೇರಬೇಕಿತ್ತು."

ಮುಖ್ಯಸ್ಥರು ದೋಣಿಯ ಬೀಗದ ಕೈಯನ್ನು ಅವಳತ್ತ ಸರಿಸಿ, "ನೀವೇ ಕೊಟ್ಟು ಬನ್ನಿ" ಎಂದರು.

ಅವನು ತನ್ನ ಮನೆಯ ಮೆಟ್ಟಿಲ ಮೇಲೆ ಕುಳಿತು ಹರಿದ ರಬ್ಬರ್ ಉಡುಪಿಗೆ ತೇಪೆ ಅಂಟಿಸುತ್ತಿದ್ದ. ಅವಳು ಬೀಗದ ಕೈ ಮುಂದಿಟ್ಟಳು. ತಲೆ ಎತ್ತಲಾಗಲಿಲ್ಲ.

"ಯಾಕೆ ಹೇಳ್ಲಿಲ್ಲ ನೀವು?"

"ಹೇಳಿದ್ರೆ ನಿಮ್ಮ ಹೆಸರು ಹೋಗ್ತಿತ್ತಲ್ಲ ಮೇಡಂ."

"ಅದಕ್ಕೆ ಕಳ್ಳ ಅನ್ನಿಸ್ಕೊಂಡ್ರಾ?!"

"ಮೂರನೇದು ಕೇಳಿಸ್ಕೊಳ್ಳೋದೇ ಇಲ್ಲ ಅಂತ ಕ್ಯಾಂಟೀನಲ್ಲಿ ಕಣ್ಣೊರೆಸ್ಕೊಂಡ್ರಿ. ನೋಡೋಕಾಗ್ಲಿಲ್ಲ, ಹೋಗಿ ಕೆರೆದೆ. ಅದೇ ವಾರ ನೀವೂ ಪ್ರೋಗ್ರಾಂ ಹಾಕ್ತೀರ ಅಂತ ನಂಗೇನು ಗೊತ್ತು?"

"ಹೇಳದೆ ಕೆರೆದಿದ್ದು ನಿಮ್ದೂ ತಪ್ಪೇ! ನನ್ನ ಪ್ರೋಗ್ರಾಂನ ಪರೀಕ್ಷೆ ಪೂರ್ತಿ ಹಾಳಾಯ್ತು."

"ಒಪ್ದೆ. ಬುದ್ಧಿ ಕಮ್ಮಿ, ಮೊಸಳೆ ಅಲ್ವಾ!"

ಅವಳಿಗೆ ನಗುವೂ ಬಂತು, ಅಳುವೂ ಬಂತು.

"ನಾಳೆ ದೋಣಿಕಟ್ಟೆಗೆ ಬನ್ನಿ. ಎಲ್ಲರ ಮುಂದೆ ಕ್ಷಮೆ ಕೇಳ್ತೀನಿ."

"ಅಯ್ಯೋ, ಅದೆಲ್ಲ ಬೇಡ."

"ಬೈದಿದ್ದು ಊರಿಗೇ ಕೇಳೋ ಹಾಗೆ, ಕ್ಷಮೆ ಮಾತ್ರ ಗುಟ್ಟಾಗಾ? ಆಗಲ್ಲ. ಇನ್ನೊಂದು ಮಾತನ್ನೂ ಅಲ್ಲೇ ಹೇಳ್ತೀನಿ."

"ಏನದು?"

ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

"ನೀವಂದ್ರೆ... ನಂಗೆ ತುಂಬಾ ಇಷ್ಟ ಅಂತ."

ಅಂಟಿನ ಟ್ಯೂಬ್ ಅವನ ಕೈಯಿಂದ ಜಾರಿತು. ಅವನು ಮೆಲ್ಲಗೆ ಮೆಟ್ಟಿಲ ಮೇಲೆ ಸರಿದು ಅವಳಿಗೆ ಜಾಗ ಮಾಡಿಕೊಟ್ಟ.

"ಕ್ಷಮೆ ಎಲ್ಲರ ಮುಂದೆ ಕೇಳಿ. ಇದನ್ನ ಮಾತ್ರ ನಂಗೊಬ್ಬನಿಗೇ ಹೇಳಿ... ಇನ್ನೊಂದ್ಸಲ."

"ಯಾಕೆ, ಕೇಳಿಸ್ಲಿಲ್ವಾ?"

"ಕೇಳಿಸ್ತು," ಎಂದ ಅವನು. "ನಂಬೋಕೆ ಧೈರ್ಯ ಬರ್ತಿಲ್ಲ."

ಅವಳು ಪಕ್ಕದಲ್ಲಿ ಕುಳಿತು, ಈ ಬಾರಿ ತಲೆ ಎತ್ತಿ, ಅವನ ಕಣ್ಣು ನೋಡಿ ಹೇಳಿದಳು.