ಬೋರಲು ಹಾಕದ ಲೋಟ

“ಗಿಲಾಸ ಡಬ್ಬ ಹಾಕು ಬೇಟಿ. ಇಲ್ಲಿ ಯಾವದೂ ಬಾಯಿ ತಕ್ಕೊಂಡು ಇರಬಾರ್ದು.”

ಆಡು ಮೇಯಿಸುತ್ತಿದ್ದ ಮುದುಕಿ ಖಾಜಾಬೀ ದೂರದಿಂದಲೇ ಕೂಗಿದಳು. ಹತ್ತಿರ ಬರಲಿಲ್ಲ.

ಸಗರದ ದಾರಿ, ವನದುರ್ಗದ ದಾರಿ ಒಂದನ್ನೊಂದು ಹಾಯುವ ಜಾಗ. ಬಿಳಿಯರ ದಂಡು ಸುರಪುರಕ್ಕೆ ಹೋಗುತ್ತಿದ್ದ ಕಾಲದಲ್ಲಿ ಅಲ್ಲೊಂದು ಈಚಲ ಹೆಂಡದ ಸಿಂದಿ ಅಂಗಡಿ ಇತ್ತಂತೆ. ಈಗ ಉಳಿದದ್ದು ಕರಿಕಲ್ಲಿನ ಒಂದು ಕಟ್ಟೆ. ಶಹಾಪುರದ ಕಾಲೇಜಿಗೆ ಇತಿಹಾಸ ಕಲಿಸಲು ಹೊಸದಾಗಿ ಬಂದಿದ್ದ ಶಾಂಭವಿ ಅದನ್ನು ನೋಡಲೆಂದೇ ಗಂಡ ಬಸವಕುಮಾರನ ಬೈಕ್ ಹತ್ತಿ ಬಂದಿದ್ದಳು. ನೀರು ಕುಡಿದ ಸ್ಟೀಲ್ ಲೋಟ ಬೋರಲು ಹಾಕದೆ ಕಟ್ಟೆಯ ಮೇಲಿತ್ತು.

“ಹಾಕದಿದ್ರ ಏನಾಗ್ತದ?” ಎಂದಳು ಶಾಂಭವಿ.

“ಸಾಕು ಅಂದವ್ರು ಗಡಿಗಿ ಡಬ್ಬ ಹಾಕ್ತಿದ್ರು. ಹಾಕದಿದ್ರ ಅಂಗಡಿಯಾಕಿ ಮತ್ತ ಸುರೀತಿದ್ಲು. ಒಂದಿನ ದಂಡಿನ ಸೋಜರರು ಆಕಿ ಗಂಡನ್ನ ಅಂಗಾತ ಕೆಡವಿ, ಸಾಯೂತನಕ ಬಾಯಾಗ ಸಿಂದಿ ಹೊಯ್ದ್ರು. ನಗಚಾಟಿಗಿ. ಆಕಿ ಅಂಗಡಿಗಿ ಬೆಂಕಿ ಹಚ್ಚಿ ಒಳಗ ಕುಂತ್ಲು. ಸತ್ರೂ ಸುರಿಯೂದು ಮಾತ್ರ ಬಿಟ್ಟಿಲ್ಲ.”

“ಪುಕ್ಕಟ ಸಿಂದಿ ಸಿಗ್ತದಂದ್ರ ನಾ ದಿನಾ ಬರ್ತೀನಿ ದಾದಿಮಾ!” ಬಸವಕುಮಾರ ನಕ್ಕ.

ಶಾಂಭವಿಯೂ ನಕ್ಕಳು. ಬೇಕೆಂದೇ ಲೋಟವನ್ನು ಹಾಗೆಯೇ ಬಿಟ್ಟು ಫೋಟೋ ತೆಗೆದಳು. ಹೊರಡುವಾಗ ಎತ್ತಿಕೊಂಡರೆ ತಳದಲ್ಲಿ ಬೆಳ್ಳಗೆ ಏನೋ ಜಿನುಗಿತ್ತು. ಹುಳಿ ವಾಸನೆ. ಚೆಲ್ಲಿ ಚೀಲಕ್ಕೆ ಹಾಕಿದಳು.

ಖಾಜಾಬೀ ಆಡುಗಳನ್ನು ಹೊಡೆದುಕೊಂಡು ಓಡುತ್ತಿದ್ದಳು.

ಮನೆಗೆ ಬಂದು ಊಟವಾದ ಮೇಲೆ ಬಸವಕುಮಾರ ಒಳಕೋಣೆಯಲ್ಲಿ ಎಂದಿನಂತೆ ಅಂಗಾತ ಮಲಗಿದ. ಬಿಸಿಲಿಗೆಂದು ಕಿಟಕಿಗಳನ್ನೆಲ್ಲ ಮುಚ್ಚಿದ್ದರಿಂದ ಹಗಲಲ್ಲೂ ಮನೆ ಕತ್ತಲು. ಕರೆಂಟು ಹೋಯಿತು. ಫ್ಯಾನು ನಿಂತಿತು. ಆ ಮೌನದಲ್ಲಿ ಅಡುಗೆಮನೆಯಿಂದ ಸದ್ದು ಬಂತು.

ಗುಳು. ಗುಳು. ಗುಳು.

ಚೀಲದಿಂದ ತೆಗೆದಿಟ್ಟಿದ್ದ ಲೋಟ ತುಂಬಿ ಚೆಲ್ಲುತ್ತಿತ್ತು. ಬೆಳ್ಳನೆಯ ನೊರೆ. ಹುಳಿಯ ಜೊತೆ ಸುಟ್ಟ ಕೂದಲಿನ ವಾಸನೆ. ಶಾಂಭವಿ ಲೋಟವನ್ನು ಬೋರಲು ಹಾಕಿದಳು. ಪಕ್ಕದ ತಂಬಿಗೆ ತುಂಬತೊಡಗಿತು. ಅದನ್ನೂ ಬೋರಲು ಹಾಕಿದಳು. ಬೋಗುಣಿ. ಕೊಡ. ಹಾಲಿನ ಪಾತ್ರೆ. ಕಾಲು ಜಾರಿತು. ಒಂದೊಂದೇ ಮಗುಚಿದಳು. ಬಾಯಿ ತೆರೆದದ್ದು ಒಂದೂ ಉಳಿಯಲಿಲ್ಲ.

ಸದ್ದು ನಿಲ್ಲಲಿಲ್ಲ.

ಗುಳು. ಗುಳು.

ಒಳಕೋಣೆಯಿಂದ.

ಬಸವಕುಮಾರ ಬಾಯಿ ತೆರೆದು ಮಲಗುತ್ತಿದ್ದ. ಮದುವೆಯಾದಾಗಿನಿಂದ ಅದಕ್ಕೇ ಅವನನ್ನು ಛೇಡಿಸುತ್ತಿದ್ದಳು.

ಓಡಿದಳು. ಅವನ ತುಟಿಯಂಚಿನವರೆಗೆ ನೊರೆ ನಿಂತಿತ್ತು. ಕಣ್ಣುಗಳು ತೆರೆದಿದ್ದವು. ಹೆಗಲಿಗೆ ಕೈಕೊಟ್ಟು ಎಳೆದಳು. ಇನ್ನೊಮ್ಮೆ ಎಳೆದಳು. ಬೋರಲು ಬಿದ್ದ. ಹಾಸಿಗೆ ಒದ್ದೆಯಾಗುತ್ತ ಹೋಯಿತು. ಅವನು ಉಸಿರಾಡಲಿಲ್ಲ.

ಸಂಜೆಗೆ ಓಣಿಯವರು ನೆರೆದರು. ನೆರೆಮನೆಯ ಶಿವಬಸಮ್ಮ ಹೆಣದ ಹೆಗಲು ಹಿಡಿದು, “ಡಬ್ಬ ಯಾಕ ಬಿಟ್ಟೀರಿ, ಅಂಗಾತ ಮಾಡ್ರಿ” ಎಂದಳು.

ಬ್ಯಾಡ್ರಿ ಎಂದು ಚೀರಲು ಶಾಂಭವಿ ಬಾಯಿ ತೆರೆದಳು.

ನಾಲಿಗೆಯ ಮೇಲೆ ತಣ್ಣಗೆ ಹುಳಿ ಬಿತ್ತು.

ಅವಳು ಬಾಯಿ ಮುಚ್ಚಿದಳು.

ಗಂಡ ಸತ್ತರೂ ಬಾಯಿಬಿಟ್ಟು ಅಳದವಳು ಎಂದು ಓಣಿ ಇವತ್ತಿಗೂ ಆಡಿಕೊಳ್ಳುತ್ತದೆ.