ಚೀಲದಲ್ಲಿ ಉಳಿದ ಮರಿ

"ಅಪ್ಪಾ, ಆ ಚೀಲ ಮುಟ್ಟಬೇಡ! ಅದರೊಳಗೆ ಯಾರೋ ಉಸಿರಾಡ್ತಿದ್ದಾರೆ!"

ಚೀಲದ ಬಾಯಿಗೆ ಹಗ್ಗ ಬಿಗಿಯಲು ಹೊರಟಿದ್ದ ಅಪ್ಪನ ಕೈ ಅಲ್ಲೇ ನಿಂತಿತು.

"ಯಾರೋ ಅಂದ್ರೆ ಯಾರು? ನಿಮ್ಮ ಹೆಡ್‌ಮಾಸ್ಟರಾ?"

"ತಮಾಷೆ ಅಲ್ಲ ಅಪ್ಪಾ, ಕಿವಿ ಕೊಟ್ಟು ಕೇಳು!"

ಹೀಗೆ ಕೂಗಿದವಳು ರೇಡಿಯೋ. ರೇಡಿಯೋ ಎಂದರೆ ಹಾಡು ಹೇಳುವ ಪೆಟ್ಟಿಗೆಯಲ್ಲ, ಐದನೇ ಕ್ಲಾಸಿನ ಹುಡುಗಿ. ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ಬಾಯಿ ಬಿಡುತ್ತಾಳೆಂದು ಅಪ್ಪನೇ ಇಟ್ಟ ಹೆಸರು ಅದು. ಅಂಗಡಿಗೆ ಬಂದವರಿಗೆಲ್ಲ ಅವನು ಹೇಳುತ್ತಿದ್ದ, "ಬೇರೆ ರೇಡಿಯೋಗೆ ಸ್ವಿಚ್ ಇರುತ್ತೆ. ನಮ್ಮದಕ್ಕೆ ಇಡೋದು ಮರೆತುಬಿಟ್ಟಿದ್ದಾರೆ."

ಅಪ್ಪನದು ಪುಸ್ತಕಗಳಿಗೆ ಬೈಂಡ್ ಹಾಕುವ ಅಂಗಡಿ. ಅಲ್ಲಿ ದೊಡ್ಡದೊಂದು ಕಟಿಂಗ್ ಮೆಷಿನ್ ಇದೆ. ಹೊಲಿದ ಪುಸ್ತಕಗಳನ್ನು ಅದರ ಕೆಳಗಿಟ್ಟು ಹಿಡಿ ಎಳೆದರೆ ಧಡ್ ಎಂದು ಅಂಚು ನೇರವಾಗುತ್ತದೆ. ಕತ್ತರಿಸಿ ಬಿದ್ದ ಕಾಗದದ ಪಟ್ಟಿಗಳೆಲ್ಲ ಮೂಲೆಯ ಗೋಣಿಚೀಲ ಸೇರುತ್ತವೆ. ವಾರಕ್ಕೊಮ್ಮೆ ರದ್ದಿಯವನು ಬಂದು ಚೀಲ ಹೊತ್ತುಕೊಂಡು ಹೋಗುತ್ತಾನೆ. ಇವತ್ತು ಅವನು ಬರುವ ದಿನ.

ಅಪ್ಪ ಮೆಲ್ಲಗೆ ಚೀಲದ ಬಾಯಿ ಅಗಲಿಸಿದ. ಒಳಗಿನಿಂದ ಎರಡು ಹಸಿರು ಕಣ್ಣು ಅವನನ್ನೇ ದುರುಗುಟ್ಟಿ ನೋಡಿದವು.

ಬೂದು ಬಣ್ಣದ ಬೆಕ್ಕು. ಅದರ ಒಂದು ಕಿವಿ ಹರಿದಿತ್ತು. ಹೊಟ್ಟೆಗೆ ಅಂಟಿಕೊಂಡು ನಾಲ್ಕು ಮರಿ. ಎರಡು ಬೂದು, ಒಂದು ಕಪ್ಪು. ಎಲ್ಲಕ್ಕಿಂತ ಚಿಕ್ಕದು ಮಾತ್ರ ಅಂಗಡಿಯ ಅಂಟಿನ ಹಾಗೆ ಕಂದು ಕಂದು. ಇನ್ನೂ ಒಂದೂ ಕಣ್ಣು ಬಿಟ್ಟಿರಲಿಲ್ಲ.

"ಹಗ್ಗ ಕಟ್ಟಿಬಿಟ್ಟಿದ್ರೆ ಏನಾಗ್ತಿತ್ತು ಅಪ್ಪಾ?" ಎಂದಳು ರೇಡಿಯೋ.

ಅಪ್ಪ ಹಗ್ಗವನ್ನು ಸುತ್ತಿ ಕಿಟಕಿಯ ಮೇಲಿಟ್ಟ.

"ಬಾಣಂತಿ ಅವಳು," ಎಂದರು ಹೊಲಿಗೆ ಅತ್ತೆ. ಪುಸ್ತಕದ ಹಾಳೆಗಳನ್ನು ಸೂಜಿ ದಾರದಲ್ಲಿ ಹೊಲಿಯುವುದು ಅವರ ಕೆಲಸ. ಆ ಬೀದಿಯ ಮಕ್ಕಳಿಗೆಲ್ಲ ಅವರು ಅತ್ತೆಯೇ. "ಬಾಣಂತಿ ಕೋಣೆಗೆ ಹೀಗಾ ಬಗ್ಗಿ ಬಗ್ಗಿ ನೋಡೋದು? ಈಚೆ ಬನ್ನಿ ಇಬ್ಬರೂ."

ರದ್ದಿಯವನಿಗೆ ಮುಂದಿನ ತಿಂಗಳು ಬಾ ಎಂದು ಹೇಳಿದ್ದಾಯಿತು. ಚಿಕ್ಕ ಮರಿಗೆ ರೇಡಿಯೋ ಗೋಂದು ಎಂದು ಹೆಸರಿಟ್ಟಿದ್ದೂ ಆಯಿತು. ಶಾಲೆಗೆ ಹೊರಟಾಗ ಅಪ್ಪ ಅವಳ ಬ್ಯಾಗ್ ಹಿಡಿದು ನಿಲ್ಲಿಸಿದ.

"ನೋಡು ಮಗಳೇ, ಇದು ನಮ್ಮ ಮೂವರಲ್ಲೇ ಇರಲಿ. ಜನ ಸೇರಿದ್ರೆ ಬೆಕ್ಕು ಹೆದರುತ್ತೆ."

"ಅಯ್ಯೋ, ನಾನ್ಯಾಕೆ ಹೇಳ್ಲಿ!"

ಪ್ರೇಯರ್ ಮುಗಿಯುವವರೆಗೂ ಅವಳು ತಡೆದುಕೊಂಡಳು. ಅದೇ ಅವಳಿಗೆ ದೊಡ್ಡ ಸಾಧನೆ.

ಲೆಕ್ಕದ ಪೀರಿಯಡ್ ಹೊತ್ತಿಗೆ ಮಾತು ಗಂಟಲವರೆಗೆ ಬಂದು ಕೂತಿತ್ತು. ಪಕ್ಕದಲ್ಲಿ ಅವಳ ಗೆಳತಿ ಚಾಕ್‌ಪೀಸ್. ಆಫೀಸಿನಿಂದ ಚಾಕ್ ತರಲು ಟೀಚರ್ ಯಾವಾಗಲೂ ಅವಳನ್ನೇ ಕಳಿಸುವುದರಿಂದ ಆ ಹೆಸರು ಬಂದಿತ್ತು.

"ಒಂದು ವಿಷ್ಯ ಹೇಳ್ತೀನಿ. ಯಾರಿಗೂ ಹೇಳಲ್ಲ ಅಂತ ಪ್ರಾಮಿಸ್ ಮಾಡು."

"ಪ್ರಾಮಿಸ್!" ಎಂದಳು ಚಾಕ್‌ಪೀಸ್.

ಊಟದ ಬೆಲ್ ಹೊಡೆಯುವಷ್ಟರಲ್ಲಿ ಆ ಪ್ರಾಮಿಸ್ ಕ್ಲಾಸನ್ನೆಲ್ಲ ಸುತ್ತಿ ಬಂದಿತ್ತು. ಎಷ್ಟು ಮರಿ, ಯಾವ ಬಣ್ಣ, ಕಚ್ಚುತ್ತಾ ಎಂದು ಎಲ್ಲರೂ ಅವಳ ಬೆಂಚಿನ ಸುತ್ತ ಸೇರಿದರು. ಕ್ಲಾಸ್ ಲೀಡರ್ ಕೂಡ ಬಂದು ತನ್ನ ಚಾಕ್ಲೇಟಿನಲ್ಲಿ ಅರ್ಧ ಕೊಟ್ಟ. ಅಷ್ಟು ಹೊತ್ತು ಎಲ್ಲರೂ ತನ್ನ ಮಾತನ್ನೇ ಕೇಳುತ್ತಿರುವುದು ರೇಡಿಯೋಗೆ ಬಹಳ ಹಿತವಾಗಿತ್ತು, ಸುಳ್ಳು ಹೇಳಬಾರದು. ಟಿಫಿನ್ ಡಬ್ಬಿಯಲ್ಲಿದ್ದ ಬೇಯಿಸಿದ ಮೊಟ್ಟೆಯನ್ನು ಅವಳು ತಿನ್ನಲಿಲ್ಲ. ಬೆಕ್ಕಿಗೆಂದು ಎತ್ತಿಟ್ಟುಕೊಂಡಳು.

ಸಂಜೆ ಅವಳ ಹಿಂದೆ ಹದಿನಾಲ್ಕು ಮಕ್ಕಳು ಅಂಗಡಿಗೆ ಬಂದರು.

ಅಪ್ಪ ಪುಸ್ತಕ ತಲುಪಿಸಲು ಹೋಗಿದ್ದ. ಅತ್ತೆ ಹಿಂದಿನ ಕೋಣೆಯಲ್ಲಿ ಅಂಟು ಕಾಯಿಸುತ್ತಿದ್ದರು. ತಡೆಯುವವರು ಯಾರೂ ಇರಲಿಲ್ಲ.

"ನಂಗೆ ಕಾಣಿಸ್ತಿಲ್ಲ!"

"ತಳ್ಳಬೇಡ್ರೋ!"

"ಲೈನ್! ಲೈನಲ್ಲಿ ಬನ್ನಿ!" ರೇಡಿಯೋ ಸ್ಟೂಲಿನ ಮೇಲೆ ನಿಂತು ಕೂಗಿದಳು.

ಬೆಕ್ಕು ಒಮ್ಮೆ ಬುಸ್ ಎಂದಿತು. ಮತ್ತೆ ಎರಡು ತಲೆ ಬಗ್ಗಿದ್ದೇ ತಡ, ಚೀಲದಿಂದ ಚಂಗನೆ ಹಾರಿ, ಎಲ್ಲರ ಕಾಲುಗಳ ನಡುವೆ ನುಸುಳಿ ಬೀದಿಗೆ ಓಡಿತು. ಆಗಲಾದರೂ ರೇಡಿಯೋ ನಿಲ್ಲಿಸಬಹುದಿತ್ತು. ಆದರೆ ಕ್ಲಾಸ್ ಲೀಡರ್ ಕೈ ಚಾಚಿ ನಿಂತಿದ್ದ. ಅವಳು ಸ್ಟೂಲಿನಿಂದ ಇಳಿದು ಚೀಲಕ್ಕೆ ಕೈ ಹಾಕಿ ಗೋಂದುವನ್ನು ಎತ್ತಿದಳು.

"ಒಬ್ಬೊಬ್ಬರಿಗೆ ಹತ್ತು ಸೆಕೆಂಡ್ ಮಾತ್ರ!"

ಮರಿ ಕೈಯಿಂದ ಕೈಗೆ ಹೋಯಿತು. ಮಿಂಯ್ ಮಿಂಯ್ ಎಂದು ಬಾಯಿ ತೆರೆಯಿತು. ನಾಲ್ಕನೆಯ ಕೈಗೆ ಬಂದಾಗ ಹಿಂದಿನಿಂದ ಅತ್ತೆಯ ದನಿ ಕೇಳಿತು.

"ಏನ್ರೋ ಇದು, ಸಂತೆ ನೆರೆದಿದೆ ಇಲ್ಲಿ! ನಡೀರಿ ಮನೆಗೆ!"

ಮಕ್ಕಳು ಎದ್ದೆವೋ ಬಿದ್ದೆವೋ ಎಂದು ಓಡಿದರು. ಅಂಗಡಿ ಖಾಲಿಯಾಯಿತು. ಅತ್ತೆ ಮರಿಯನ್ನು ಮತ್ತೆ ಚೀಲದೊಳಗೆ ಇಟ್ಟರು. ರೇಡಿಯೋ ಡಬ್ಬಿಯಲ್ಲಿದ್ದ ಮೊಟ್ಟೆಯನ್ನು ಒಂದು ತಟ್ಟೆಗೆ ಹಾಕಿ ಚೀಲದ ಪಕ್ಕದಲ್ಲಿಟ್ಟಳು.

ಸ್ವಲ್ಪ ಹೊತ್ತಿಗೆ ಬೆಕ್ಕು ಬಂತು. ಮೊಟ್ಟೆಯನ್ನು ಮೂಸಿಯೂ ನೋಡಲಿಲ್ಲ. ಒಂದು ಬೂದು ಮರಿಯ ಕತ್ತಿನ ಹಿಂದೆ ಬಾಯಿ ಹಾಕಿ ಎತ್ತಿಕೊಂಡು ಹೊರಟಿತು. ಎದುರಿನ ಗೋಡೆ ಹತ್ತಿ ಮರೆಯಾಯಿತು.

"ಎಲ್ಲಿಗೆ ಹೋಗುತ್ತೆ ಅತ್ತೆ?"

"ನೀನು ಊರಿಗೆಲ್ಲ ತೋರಿಸಿದ ಮನೆಯಲ್ಲಿ ಅವಳು ಇರ್ತಾಳಾ? ಬೆಕ್ಕು ಮರಿ ಹಾಕಿ ಏಳು ಮನೆ ಸುತ್ತುತ್ತೆ ಅಂತಾರೆ. ನಮ್ಮದು ಮೊದಲನೆಯದಾಯ್ತು, ಅಷ್ಟೇ."

ಬೆಕ್ಕು ಮತ್ತೆ ಬಂತು. ಎರಡನೆಯ ಮರಿ. ಮತ್ತೆ ಬಂತು. ಮೂರನೆಯದು, ಕಪ್ಪು ಮರಿ.

ರೇಡಿಯೋಗೆ ಅಳು ಬರುವಂತಾಯಿತು. ಹೊಸ ಮನೆ ಎಲ್ಲಿದೆ ಎಂದು ಗೊತ್ತಾದರೆ ಸಾಕು, ದೂರದಿಂದಲೇ ನೋಡಿಕೊಂಡು ಬರುತ್ತೇನೆ, ಮೊಟ್ಟೆ ಕೊಡುತ್ತೇನೆ ಎಂದುಕೊಂಡಳು. ಬೆಕ್ಕಿನ ಹಿಂದೆಯೇ ಓಡಿ ಎದುರಿನ ಗೋಡೆ ಹತ್ತಿದಳು. ಬೆಕ್ಕು ತಿರುಗಿ ನೋಡಿತು. ಬಾಯಲ್ಲಿ ಮರಿ ತೂಗಾಡುತ್ತಿತ್ತು. ಇಬ್ಬರೂ ಒಂದು ಕ್ಷಣ ಹಾಗೇ ನಿಂತರು. ಆಮೇಲೆ ಬೆಕ್ಕು ಬಂದ ದಾರಿ ಬಿಟ್ಟು, ಬೇರೊಂದು ಸಂದಿಗೆ ನುಗ್ಗಿ ಕಣ್ಮರೆಯಾಯಿತು.

ಮತ್ತೆ ಅದು ಬರಲಿಲ್ಲ.

ಅಪ್ಪ ಬಂದಾಗ ಐದು ಗಂಟೆ ದಾಟಿತ್ತು. ಚೀಲದಲ್ಲಿ ಗೋಂದು ಒಂದೇ ಇತ್ತು. ಕಾಗದದ ಪಟ್ಟಿಗಳ ನಡುವೆ ತಲೆ ಅತ್ತ ಇತ್ತ ಆಡಿಸುತ್ತ ಅಮ್ಮನನ್ನು ಹುಡುಕುತ್ತಿತ್ತು. ರೇಡಿಯೋ ನಡೆದಿದ್ದನ್ನೆಲ್ಲ ಹೇಳಿದಳು. ಗೋಡೆ ಹತ್ತಿದ್ದನ್ನೂ ಮುಚ್ಚಿಡಲಿಲ್ಲ.

"ನಾವೇ ಸಾಕೋಣ ಅಪ್ಪಾ. ಹಾಲು ಕೊಡೋಣ."

"ನಮ್ಮ ಹಾಲು ಅದಕ್ಕೆ ಆಗಿಬರಲ್ಲ. ಹುಟ್ಟಿ ಎರಡು ದಿನವೂ ಆಗಿಲ್ಲ. ಅಮ್ಮ ಇಲ್ಲದೆ ಉಳಿಯೋದು ಕಷ್ಟ," ಎಂದ ಅಪ್ಪ. ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು ಎನಿಸಿತು ಅವಳಿಗೆ.

"ಅವಳು ಬರ್ತಾಳಾ?"

"ಬರಬಹುದು. ನಾವು ಇಲ್ಲ ಅಂತ ಅವಳಿಗೆ ಅನ್ನಿಸಬೇಕು."

ಅತ್ತೆ ಒಂದು ಬಾಟಲಿಗೆ ಬಿಸಿನೀರು ತುಂಬಿ, ಬೈಂಡಿಂಗ್ ಬಟ್ಟೆಯ ತುಂಡು ಸುತ್ತಿ, ಮರಿಯ ಪಕ್ಕದಲ್ಲಿಟ್ಟರು. "ಅಮ್ಮನ ಹೊಟ್ಟೆ ಅಲ್ಲ, ಆದ್ರೂ ಬೆಚ್ಚಗಿರುತ್ತೆ," ಎಂದು ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋದರು.

ಮೇಜಿನ ಮೇಲೆ ಮುನ್ನೂರು ರಿಜಿಸ್ಟರ್‌ಗಳು ಅಂಚು ಕತ್ತರಿಸಲು ಕಾಯುತ್ತಿದ್ದವು. ನಾಳೆ ಬೆಳಿಗ್ಗೆ ಕೊಡಲೇಬೇಕಾದವು. ಅಪ್ಪ ಅವುಗಳನ್ನು ಒಮ್ಮೆ ನೋಡಿದ, ಕಟಿಂಗ್ ಮೆಷಿನ್ನನ್ನು ಒಮ್ಮೆ ನೋಡಿದ. ಆಮೇಲೆ ಅದರ ಮೇಲೆ ಬಟ್ಟೆ ಹೊದಿಸಿದ.

"ರಿಜಿಸ್ಟರ್ ಅಪ್ಪಾ?"

"ಬೆಳಿಗ್ಗೆ ಬೇಗ ಎದ್ದರಾಯ್ತು."

ಅಂಗಡಿಯ ಮುಂಭಾಗದ ಲೈಟ್ ಆರಿಸಿದರು. ಶಟರನ್ನು ಮೊಣಕಾಲೆತ್ತರಕ್ಕೆ ಇಳಿಸಿದರು. ಇಬ್ಬರೂ ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಅಪ್ಪ ತುಟಿಯ ಮೇಲೆ ಬೆರಳಿಟ್ಟು ತೋರಿಸಿದ. ಇಬ್ಬರೂ ಎದುರುಬದುರು ಕೂತು ಹಾಳೆ ಮಡಚತೊಡಗಿದರು. ಆ ಕೆಲಸಕ್ಕೆ ಸದ್ದಿಲ್ಲ.

ಬಾಗಿಲಾಚೆ ಮರಿ ಅಳುತ್ತಿತ್ತು. ಮಿಂಯ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಿಂಯ್.

ರೇಡಿಯೋಗೆ ಹತ್ತು ನಿಮಿಷವೂ ತಡೆಯಲಾಗಲಿಲ್ಲ. ಅಲ್ಲೇ ಬಿದ್ದಿದ್ದ ಕಾಗದದ ಪಟ್ಟಿಯ ಮೇಲೆ ಬರೆದು ಅಪ್ಪನ ಮುಂದೆ ತಳ್ಳಿದಳು. 'ಬಂತಾ?'

ಅಪ್ಪ ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಬರೆದ. 'ಇಲ್ಲ.'

'ಅದಕ್ಕೆ ನನ್ನ ಮೇಲೆ ಕೋಪಾನಾ?'

'ಕೋಪ ಅಲ್ಲ. ಹೆದರಿಕೆ.'

ರೇಡಿಯೋ ಆ ಪಟ್ಟಿಯನ್ನು ಎರಡು ಸಲ ಓದಿದಳು. ಕೋಪವಾಗಿದ್ದರೆ ಸಾರಿ ಕೇಳಬಹುದಿತ್ತು. ಹೆದರಿದವರ ಮುಂದೆ ಹೋಗಿ ಸಾರಿ ಕೇಳಿದರೆ ಅವರು ಇನ್ನಷ್ಟು ಹೆದರುತ್ತಾರಲ್ಲ.

ಹೊರಗೆ ಬೆಳಕು ಕಮ್ಮಿಯಾಗುತ್ತ ಬಂತು. ಮಡಚಿದ ಹಾಳೆಗಳ ರಾಶಿ ಅವಳ ಮೊಣಕೈವರೆಗೆ ಬೆಳೆಯಿತು. ಮರಿಯ ಅಳು ತೆಳ್ಳಗಾಯಿತು, ಇನ್ನೂ ತೆಳ್ಳಗಾಯಿತು. ಆಮೇಲೆ ನಿಂತೇಹೋಯಿತು.

ಅವಳು ಇನ್ನೊಂದು ಪಟ್ಟಿ ಎಳೆದುಕೊಂಡು ಬರೆದಳು. 'ಸತ್ತುಹೋಯ್ತಾ?'

ಅಪ್ಪ ಪೆನ್ಸಿಲ್ ಎತ್ತಿಕೊಂಡ. 'ಗೊತ್ತಿಲ್ಲ' ಎಂದು ಬರೆದ.

ರೇಡಿಯೋ ಎದ್ದಳು. ಬಾಗಿಲ ಚಿಲಕದ ಮೇಲೆ ಕೈ ಇಟ್ಟಳು. ಮರಿ ಸತ್ತಿರಬಹುದು. ಅಥವಾ ಚಳಿಗೆ ಸೋತು ಮಲಗಿರಬಹುದು, ಎತ್ತಿಕೊಂಡು ಕೈಯಲ್ಲಿ ಬೆಚ್ಚಗಿಟ್ಟರೆ ಬದುಕಬಹುದು. ಅಥವಾ ಈಗಲೇ, ಈ ಕ್ಷಣದಲ್ಲೇ, ಅಮ್ಮ ಬಂದಿರಬಹುದು. ಒಂದೇ ಒಂದು ಸಲ ಇಣುಕಿದರೆ ಗೊತ್ತಾಗಿಬಿಡುತ್ತದೆ. ಅಪ್ಪ ಅವಳನ್ನೇ ನೋಡುತ್ತಿದ್ದ. ಬೇಡ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ.

ಗೋಡೆಯ ಮೇಲಿಂದ ತನ್ನನ್ನು ನೋಡಿದ್ದ ಆ ಹಸಿರು ಕಣ್ಣುಗಳು ಅವಳಿಗೆ ನೆನಪಾದವು. ಆಗಲೂ ಅವಳು ಒಂದೇ ಒಂದು ಸಲ ನೋಡಬೇಕೆಂದಷ್ಟೇ ಹೋಗಿದ್ದಳು.

ಚಿಲಕದಿಂದ ಕೈ ತೆಗೆದಳು. ವಾಪಸ್ಸು ಬಂದು ಕೂತು, ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿ ಇಟ್ಟುಕೊಂಡಳು. ಕಣ್ಣಿಂದ ನೀರು ಇಳಿದು ಗಲ್ಲಕ್ಕೆ ಬಂತು. ಒರೆಸಿಕೊಳ್ಳಲೂ ಇಲ್ಲ.

ಎಷ್ಟು ಹೊತ್ತಾಯಿತೋ. ಆಚೆ ಕಾಗದ ಸರಸರ ಎಂದಿತು.

ಅಪ್ಪನ ಕೈ ನಿಂತಿತು. ಮತ್ತೆ ಸರಸರ. ಆಮೇಲೆ ಒಂದು ಸಣ್ಣ ಸದ್ದು, ತಟ್ಟೆ ನೆಲದ ಮೇಲೆ ಸರಿದ ಹಾಗೆ. ಆಮೇಲೆ ಏನೂ ಇಲ್ಲ.

ಅವಳು ತಕ್ಷಣ ಏಳಲಿಲ್ಲ. ಇನ್ನೊಂದು ಹಾಳೆ ತೆಗೆದುಕೊಂಡು ಮಡಚಿದಳು. ಮತ್ತೊಂದು ಮಡಚಿದಳು. ಹೀಗೆ ಇಪ್ಪತ್ತು ಹಾಳೆ ಮಡಚಿ ಮುಗಿಸಿದ ಮೇಲೆ ಅಪ್ಪನ ಮುಖ ನೋಡಿದಳು. ಅಪ್ಪ ಎದ್ದು ಬಾಗಿಲು ತೆರೆದ.

ತಟ್ಟೆಯಲ್ಲಿ ಮೊಟ್ಟೆ ಇರಲಿಲ್ಲ. ಚೀಲದಲ್ಲಿ ಮರಿ ಇರಲಿಲ್ಲ. ಬಾಟಲಿಯ ಪಕ್ಕದಲ್ಲಿ ಮರಿ ಮಲಗಿದ್ದ ಮುಷ್ಟಿಯಷ್ಟು ತಗ್ಗು. ಶಟರ್‌ವರೆಗೂ ನೆಲದ ಮೇಲೆ ಎರಡು ಮೂರು ಕಾಗದದ ಪಟ್ಟಿ ಬಿದ್ದಿದ್ದವು.

"ಬಂದಿದ್ಳು," ಎಂದಳು ರೇಡಿಯೋ. ಅಷ್ಟು ಹೊತ್ತು ಮಾತಾಡದೆ ಅವಳ ದನಿ ಕಟ್ಟಿಹೋಗಿತ್ತು.

"ಹೂಂ," ಎಂದ ಅಪ್ಪ. ಅವಳ ತಲೆಯ ಮೇಲೆ ಕೈಯಿಟ್ಟ. ಕೈ ತುಂಬ ಅಂಟಿನ ವಾಸನೆ.

ಮಾರನೆಯ ದಿನ ಬೆಳಿಗ್ಗೆ ಚಾಕ್‌ಪೀಸ್ ಬೀದಿಯ ತಿರುವಿನಲ್ಲೇ ಕಾದಿದ್ದಳು.

"ಏ, ನಿನ್ನೆ ಸಾರಿ ಕಣೇ. ನಾನು ಒಬ್ಬಳಿಗೇ ಹೇಳಿದ್ದು. ಮರಿ ಹೇಗಿದೆ? ಇವತ್ತು ನಮ್ಮಣ್ಣನೂ ಬರ್ತಾನಂತೆ ನೋಡೋಕೆ."

"ಇಲ್ಲ. ಹೋದ್ವು."

"ಎಲ್ಲಿಗೆ?"

"ಗೊತ್ತಿಲ್ಲ."

ನಿಜವಾಗಿಯೂ ಅವಳಿಗೆ ಗೊತ್ತಿರಲಿಲ್ಲ. ಇಬ್ಬರೂ ನಡೆದರು. ಮುಂದೆ ಬಡಗಿಯ ಶೆಡ್ ಬಂತು. ಪಕ್ಕದ ಗೋಡೆಗೆ ಹಳೆಯ ಬಾಗಿಲುಗಳನ್ನು ಸಾಲಾಗಿ ಒರಗಿಸಿದ್ದರು. ಬಾಗಿಲುಗಳ ಹಿಂದೆ, ಕತ್ತಲೆಯ ಸಂದಿನಲ್ಲಿ, ಏನೋ ಮಿಸುಕಾಡಿತು.

ಮಿಂಯ್.

ಆಮೇಲೆ ಇನ್ನೊಂದು. ಆಮೇಲೆ ಬಹಳ ತೆಳ್ಳಗೆ ಮತ್ತೊಂದು. ಆ ದನಿಯನ್ನು ರೇಡಿಯೋ ನಿನ್ನೆ ಸಂಜೆಯಿಡೀ ಕೇಳಿದ್ದಳು.

ಚಾಕ್‌ಪೀಸ್ ಇನ್ನೂ ಕೇಳಿಸಿಕೊಂಡಿರಲಿಲ್ಲ. ಬಗ್ಗಿ ಶೂ ಲೇಸ್ ಕಟ್ಟಿಕೊಳ್ಳಲು ನೋಡುತ್ತಿದ್ದಳು.

"ಅಲ್ಲಾ ಕಣೇ, ಲೆಕ್ಕದ ಹೋಮ್‌ವರ್ಕ್ ಮಾಡಿದ್ದೀಯಾ?" ರೇಡಿಯೋ ಅವಳ ತೋಳು ಹಿಡಿದು ಎಬ್ಬಿಸಿದಳು. "ಆರನೇ ಲೆಕ್ಕ ನಂಗೆ ಬರಲೇ ಇಲ್ಲ! ಟೀಚರ್ ಇವತ್ತು ಬೋರ್ಡಿಗೆ ಕರೀತಾರೆ ನೋಡು! ಕರೆದ್ರೆ ಏನ್ಮಾಡೋದು? ಹೋದ ವಾರ ಕ್ಲಾಸ್ ಲೀಡರ್‌ಗೆ ಏನಾಯ್ತು ಗೊತ್ತಾ..."

"ಅಬ್ಬಾ, ಮೆಲ್ಲಗೆ ಮಾತಾಡೇ! ಕಿವಿ ತೂತಾಗ್ತಿದೆ!"

ರೇಡಿಯೋ ದನಿ ತಗ್ಗಿಸಲಿಲ್ಲ. ಗೆಳತಿಯ ತೋಳು ಬಿಡದೆ, ಹಿಂದಿರುಗಿ ನೋಡದೆ, ಶೆಡ್ಡು ದಾಟಿ ಮುಂದಿನ ತಿರುವು ಬರುವವರೆಗೂ ಜೋರಾಗಿ ಮಾತಾಡುತ್ತಲೇ ಹೋದಳು.